ಮುಚ್ಚಿದ ಕೋಣೆಯನ್ನೂ ತೆರೆಸಿ ನೋಡಿ

ಬಾಡಿಗೆ ಮನೆ ಬದಲಾದಾಗಲೆಲ್ಲ ಟೈಲರ್‌ನ ತಂದೆಗೆ ಕಣ್ಣು ಮತ್ತೊಮ್ಮೆ ಹೋದ ಹಾಗಾಗುತ್ತಿತ್ತು. ಅವರಿಗೆ ದೃಷ್ಟಿಯಿಲ್ಲ. ಗೋಡೆ ಸವರಿಕೊಂಡು ಬಚ್ಚಲು ಎಲ್ಲಿ, ಮೆಟ್ಟಿಲು ಎಲ್ಲಿ ಎಂದು ಕಲಿಯುವಷ್ಟರಲ್ಲಿ ಮಾಲೀಕ ಮನೆ ಖಾಲಿ ಮಾಡಿ ಎನ್ನುತ್ತಿದ್ದ. ಹೋದ ಸಲ ಮೆಟ್ಟಿಲು ತಪ್ಪಿ ಬಿದ್ದು ಕೈ ಮುರಿದುಕೊಂಡರು. ಆಗ ಟೈಲರ್ ಮತ್ತು ಅವನ ಹೆಂಡತಿ ನಿಶ್ಚಯಿಸಿದರು, ಸ್ವಂತದ್ದೊಂದು ಮನೆ ಬೇಕೇ ಬೇಕು.

ಏಜೆಂಟ್ ಒಬ್ಬ ಮಾರಾಟಕ್ಕಿದ್ದ ಮನೆಯೊಂದನ್ನು ತೋರಿಸಿದ. ಎಲ್ಲ ನೆಲದ ಮಟ್ಟಕ್ಕೇ ಇತ್ತು, ಒಂದು ಮೆಟ್ಟಿಲೂ ಇಲ್ಲ. ಹಿಂದಿನ ಕೋಣೆಯ ಬಾಗಿಲು ಮಾತ್ರ ಮುಚ್ಚಿತ್ತು.

"ಅಲ್ಲಿ ಹಳೇ ಸಾಮಾನು ಅಕ್ಕಾ, ಬರೀ ಧೂಳು. ನಾಳೇನೇ ಮುಂಗಡ ಕೊಟ್ಬಿಡಿ, ಇನ್ನೊಬ್ಬರು ಕಾಯ್ತಿದ್ದಾರೆ" ಎಂದು ಟೈಲರ್‌ನ ಹೆಂಡತಿಗೆ ಹೇಳಿದ.

ಸಂಜೆ ಪಕ್ಕದ ಮನೆಯ ನರ್ಸಕ್ಕ ಬಂದು ವಿಷಯವೆಲ್ಲ ಕೇಳಿದಳು.

"ಆ ಕೋಣೆ ನೋಡಿದ್ರಾ?"

"ಬೇರೆಯವರ ಮನೇಲಿ ಬಾಗಿಲು ತೆಗೀರಿ ಅನ್ನೋದು ಹೇಗಕ್ಕ? ಮರ್ಯಾದೆ ಬೇಡ್ವಾ?" ಎಂದ ಟೈಲರ್.

"ನಿನ್ನ ಮರ್ಯಾದೆಗಿಷ್ಟು! ಗಿರಾಕಿ ತಂದ ಅಂಗಿ ಒಳಮೈ ತಿರುಗಿಸಿ ನೋಡ್ತೀಯ. ಮನೇನ ಮಾತ್ರ ಅವನು ತೋರಿಸಿದಷ್ಟೇ ನೋಡಿ ಬರ್ತೀಯಾ?"

ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಟೈಲರ್‌ಗೆ ನಗು ಬರಲಿಲ್ಲ.

"ಏಜೆಂಟ್ ಒಳ್ಳೆಯವನು. ಇವಳನ್ನ ಬಾಯ್ತುಂಬ ಅಕ್ಕಾ ಅಂತಾನೆ."

"ಅಕ್ಕಾ ಅನ್ನೋಕೆ ಏನು ಖರ್ಚು? ಅವನಿಗೆ ಕಮಿಷನ್ ಕೊಡೋದು ಯಾರು, ಕೇಳಿದ್ಯಾ?"

"ಅದನ್ನ ಹೇಗೆ ಕೇಳೋದು?"

"ಬಾಯಿಂದಾನೇ! ಏಜೆಂಟರೆಲ್ಲ ಕೆಟ್ಟವರಲ್ಲ ತಮ್ಮಾ. ನನಗೆ ಮನೆ ತೋರಿಸಿದವನು ಮೊದಲೇ ಹೇಳಿದ್ದ, ನಾನು ಮಾರೋರ ಕಡೆಯವನು, ಕಾಗದಪತ್ರ ನಿಮ್ಮ ವಕೀಲರಿಗೇ ತೋರಿಸಿ ಅಂತ. ಯಾರ ಕಡೆಯವನು ಅಂತ ತಿಳಿದ್ರೆ ತಾನೆ ಎಷ್ಟು ನಂಬಬೇಕು ಅಂತ ಗೊತ್ತಾಗೋದು?"

ಮರುದಿನ ತಂದೆಯನ್ನೂ ಕರೆದುಕೊಂಡು ಎಲ್ಲರೂ ಹೋದರು. ಕೋಣೆ ತೋರಿಸಿ ಎಂದಾಗ ಏಜೆಂಟ್ ತಡವರಿಸಿದ. ನರ್ಸಕ್ಕ ಬಾಗಿಲು ತಟ್ಟಿದಳು. ಒಳಗಿನಿಂದ ಚಿಲಕ ಸರಿಯಿತು.

ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಹಿಂದೆ ಒಂದು ಮಂಚ, ಮಡಿಸಿಟ್ಟ ಬಟ್ಟೆ, ನೀರಿನ ಚೆಂಬು. ಅವರು ಮನೆ ಮಾರುವವನ ಅಕ್ಕ. ತಮ್ಮ ತಂದೆಯ ಕಾಲದ ಆ ಮನೆಯಲ್ಲಿ ಅವರಿಗೂ ಪಾಲಿತ್ತು. ಮಾರಾಟಕ್ಕೆ ಅವರು ಸಹಿ ಹಾಕಿರಲಿಲ್ಲ.

"ಕೊಳ್ಳೋರು ನೀವೇನಾ? ಜನ ಬಂದಾಗ ಸದ್ದು ಮಾಡಬೇಡ ಅಂದಿದ್ದ ತಮ್ಮ" ಎಂದರು. "ನನ್ನನ್ನ ಎಲ್ಲಿಗೆ ಕಳಿಸ್ತೀರಪ್ಪಾ?"

ಏಜೆಂಟ್ ಟೈಲರ್‌ನ ಕಿವಿಯ ಬಳಿ ಬಾಗಿದ.

"ಆಮೇಲೆ ಹೇಗೋ ಕೋಣೆ ಬಿಡಿಸಿಕೊಡ್ತೀವಿ ಅಣ್ಣಾ, ಬೇಕಾದ್ರೆ ಬೆಲೆ ಇಳಿಸೋಣ" ಎಂದು ಏಜೆಂಟ್ ಪಿಸುಗುಟ್ಟಿದ. ಟೈಲರ್ ತಂದೆಯ ಕೈಯ ಕಡೆ ನೋಡಿದ. ಮೂಳೆ ಇನ್ನೂ ಸರಿಯಾಗಿ ಕೂಡಿರಲಿಲ್ಲ.

ತಂದೆ ಆ ಕೈಯನ್ನೇ ಮಗನ ಭುಜದ ಮೇಲಿಟ್ಟರು. "ನಡಿ ಮಗಾ. ಇನ್ನೊಂದು ಬಾಡಿಗೆ ಮನೆ ಗೋಡೆ ಕಲೀತೀನಿ. ಈಯಮ್ಮನ್ನ ಎಬ್ಬಿಸಿದ ಜಾಗದಲ್ಲಿ ನನಗೆ ನಿದ್ದೆ ಹತ್ತಲ್ಲ."

ಟೈಲರ್ ಮನೆಯವರು ಈಗಲೂ ಮನೆ ಹುಡುಕುತ್ತಿದ್ದಾರೆ. ಹೊಸ ಏಜೆಂಟ್ ಸಿಕ್ಕಿದಾಗ ಟೈಲರ್ ಮೊದಲು ಕೇಳಿದ್ದು, "ಸ್ವಾಮಿ, ನಿಮಗೆ ಕಮಿಷನ್ ಕೊಡೋರು ಯಾರು?"

ಮನೆ ಕೊಳ್ಳಲು ಹೊರಟ ಅಕ್ಕ, ಅಣ್ಣಂದಿರೇ, ಕೆಟ್ಟ ಮೇಲೆ ಬುದ್ಧಿ ಬಂದರೆ ಉಪಯೋಗವಿಲ್ಲ. ಏಜೆಂಟ್ ಯಾರ ಪರ ಎಂದು ಕೇಳಿ. ಪ್ರತಿಯೊಂದು ಕೋಣೆಯನ್ನೂ ನೋಡಿ, ಅಲ್ಲಿ ಯಾರು ವಾಸವಿದ್ದಾರೆ, ಯಾರಿಗೆಲ್ಲ ಪಾಲಿದೆ ಎಂದು ನೆರೆಯವರಲ್ಲೂ ವಿಚಾರಿಸಿ. ನೀವೇ ಗೊತ್ತುಮಾಡಿದ ವಕೀಲರು ಕಾಗದಪತ್ರ ನೋಡಿ ಸರಿ ಎನ್ನುವ ತನಕ ಮುಂಗಡ ಕೊಡಬೇಡಿ. ಕೇಳಿದರೆ ಏಜೆಂಟ್ ಬೇಸರಪಟ್ಟಾನೆಂದು ಹಿಂಜರಿಯಬೇಡಿ. ನೇರವಾಗಿ ನಡೆಯುವವನು ಕೂತು ಉತ್ತರ ಹೇಳುತ್ತಾನೆ. ಸಿಡುಕಿದರೆ ಎದ್ದು ಬನ್ನಿ.