ನಿಖಿತಾಳ ಮನೆಯ ತುಪ್ಪ

ಅಮ್ಮ ಐರ್ಲೆಂಡಿನ ನೇಸ್‌ಗೆ ಬಂದಿದ್ದು ನನ್ನ ಜೊತೆ ಇರುವುದಕ್ಕೆ. ಮೈಸೂರಿನಿಂದ ಟಿಕೆಟ್ ಮಾಡಿಸಿ ಕರೆಸಿಕೊಂಡವಳು ನಾನು. ಆದರೆ ಬೆಳಗಾದರೆ ಅಮ್ಮನ ಬಾಯಲ್ಲಿ ಪಕ್ಕದ ಮನೆಯ ನಿಖಿತಾಳ ಜಪ. ಹೊಟ್ಟೆ ಉರಿಯದೆ ಇರುತ್ತದೆಯೇ?

ಎಲ್ಲದಕ್ಕೂ ಕಾರಣ ಆ ಹಾಳು ಬೆಣ್ಣೆ. ತುಪ್ಪ ಮಾಡಲು ಹೊರಟ ನಿಖಿತಾ, ಇಲ್ಲಿನ ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ ಉಪ್ಪು ಹಾಕಿದ ಬೆಣ್ಣೆಯನ್ನೇ ತಂದು ಕಾಯಿಸಿದ್ದಳು. ನೊರೆ ಉಕ್ಕಿ ಒಲೆಯೆಲ್ಲ ರಾಡಿ. ತಳದ ಗಸಿಗೆ ಸಕ್ಕರೆ ಬೆರೆಸಿ ಬಾಯಿಗಿಟ್ಟವಳೇ ಮುಖ ಕಿವುಚಿಕೊಂಡು ಬಟ್ಟಲು ಹಿಡಿದು ನಮ್ಮನೆಗೆ ಓಡಿಬಂದಳು.

ಅಮ್ಮ ಒಂದು ಚೂರು ನಾಲಿಗೆಗೆ ಹಚ್ಚಿದಳು. "ಉಪ್ಪಿನ ಬೆಣ್ಣೆ ಕಾಯಿಸಿದ್ದೀಯಲ್ಲೇ ದಡ್ಡಿ! ಬುದ್ಧಿ ಎಲ್ಲಿಟ್ಟಿದ್ದೆ?" ಎಂದು ಬೈದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಹಿಂದೆಯೇ ಹೋದಳು.

ಅಂದಿನಿಂದ ಠಿಕಾಣಿ ಅಲ್ಲೇ. ಚಟಚಟ ಸದ್ದು ನಿಂತ ಮೇಲೆ ಇಳಿಸಬೇಕು, ಇಳಿಸುವಾಗ ಒಂದು ವೀಳ್ಯದೆಲೆ ಹಾಕಬೇಕು, ಎಲ್ಲ ಪಾಠವೂ ಅವಳಿಗೇ. ಇಲ್ಲಿನ ಚಳಿಗೆ ಒಡೆದ ಅವಳ ತುಟಿಗೂ ತುಪ್ಪ, ಹಿಮ್ಮಡಿಗೂ ತುಪ್ಪ. ನನ್ನ ಹಿಮ್ಮಡಿಯೇನು ಕಲ್ಲಿನದೇ?

ನನ್ನ ಮನೆಯಲ್ಲಿ ಮಾತ್ರ ಅಮ್ಮ ತುಪ್ಪದ ಡಬ್ಬಿ ಮುಟ್ಟುತ್ತಿರಲಿಲ್ಲ. ಬಂದ ಹೊಸದರಲ್ಲಿ ನನ್ನ ಗಂಡ ಆದರ್ಶನ ಸಾರನ್ನಕ್ಕೆ ಧಾರಾಳವಾಗಿ ಸುರಿದಿದ್ದಳು. ಅವನಿಗೆ ಕೊಲೆಸ್ಟ್ರಾಲ್, ನಾನು ರೇಗಿದೆ. ರೇಗಬಾರದಿತ್ತೇ? "ಎಷ್ಟು ಹಾಕ್ಬೇಕೋ ನೀನೇ ಹಾಕಮ್ಮ" ಎಂದು ಚಮಚ ನನ್ನ ಕೈಗಿತ್ತು ಸುಮ್ಮನಾದಳು.

ಕಳೆದ ಶನಿವಾರ ನಾನೂ ಹಟಕ್ಕೆ ಬಿದ್ದೆ. ನೋಡಿ ನೋಡಿ ಉಪ್ಪಿಲ್ಲದ ಬೆಣ್ಣೆ ತಂದೆ. ವೀಳ್ಯದೆಲೆಗಾಗಿ ಡಬ್ಲಿನ್ನಿನವರೆಗೂ ಹೋಗಿಬಂದೆ. ಒಲೆ ಬಿಟ್ಟು ಕದಲಲಿಲ್ಲ. ತುಪ್ಪ ಹೊಂಬಣ್ಣಕ್ಕೆ ತಿರುಗಿ ಮನೆಯೆಲ್ಲ ಘಮ್ಮೆಂದಿತು. ಬಿಸಿ ಅನ್ನ, ತೊವ್ವೆ, ಮೇಲೆ ತುಪ್ಪ ಬಿಟ್ಟು ಅಮ್ಮನ ಮುಂದಿಟ್ಟೆ.

ಅಷ್ಟರಲ್ಲೇ ನಿಖಿತಾ ವಕ್ಕರಿಸಬೇಕೇ, ಕೈಯಲ್ಲಿ ಅವಳ ತುಪ್ಪದ ಬಾಟಲಿ! ಅಮ್ಮ ಮುಚ್ಚಳ ತೆಗೆದು ಮೂಸಿ ನೋಡಿದಳು.

"ಕೆಂಪಗಾಗಿ ಹೋಗಿದೆ. ಇನ್ನೊಂಚೂರು ಬಿಟ್ಟಿದ್ರೆ ಸೀದೇ ಹೋಗ್ತಿತ್ತು. ಫೋನ್ ನೋಡ್ತಾ ನಿಂತಿದ್ಯೇನೇ, ಕತ್ತೆ?"

"ಗ್ರ್ಯಾಂಡ್ ಆಗೈತೆ ಬಿಡಿ ಆಂಟಿ," ಎಂದು ಅವಳು ಕಿಸಕ್ಕನೆ ನಕ್ಕಳು. ಅಮ್ಮ ಅವಳ ತಲೆಗೊಂದು ಮೊಟಕಿದಳು.

ಆಮೇಲೆ ನಾನಿಟ್ಟ ತಟ್ಟೆಗೆ ಕೈ ಹಾಕಿದಳು. ಒಂದು ತುತ್ತು ತಿಂದು, "ತುಂಬಾ ಚೆನ್ನಾಗಿದೆ ಕಣಮ್ಮ. ನಿಂಗ್ಯಾಕೆ ಇಷ್ಟೆಲ್ಲ ತೊಂದ್ರೆ?" ಅಂದಳು.

ಈ ಮಾತು ನನಗೆ ಗೊತ್ತು. ದೂರದ ನೆಂಟರ ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮ ಆಡುವ ಮಾತು. ನನ್ನ ಅಡುಗೆಗೆ, ಅವಳ ಮಗಳ ಅಡುಗೆಗೆ, ಅದೇ ಮಾತು! ಮೈಯೆಲ್ಲ ಉರಿದುಹೋಯಿತು. ನಿಖಿತಾ ಹೋಗುವವರೆಗೆ ಹೇಗೋ ತಡೆದುಕೊಂಡೆ.

"ನನ್ನೂ ಬೈಯಮ್ಮ," ಅಂದೆ. "ಸೀದಿದೆ ಅನ್ನು, ಹಸಿ ಇದೆ ಅನ್ನು, ಏನಾದ್ರೂ ಅನ್ನು. ಅವಳೇನು ನಿನ್ನ ಹೊಟ್ಟೇಲಿ ಹುಟ್ಟಿದ್ದಾಳಾ?"

ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವಳಿಗೆ ಸಿಟ್ಟು ಬಂದ್ರೆ ಎದ್ದು ಇಲ್ಲಿಗೆ ಬರ್ತೀನಿ. ನಿಂಗೆ ಸಿಟ್ಟು ಬಂದ್ರೆ, ಈ ಊರಲ್ಲಿ ನಾನು ಎಲ್ಲಿಗೆ ಹೋಗ್ಲಿ?"

ಆಮೇಲೆ ಒಂದು ಅಗುಳೂ ಬಿಡದೆ ಊಟ ಮುಗಿಸಿದಳು.