ಎರ್ರಪ್ಪನ ಕತ್ತು

ಕತ್ತು ಮತ್ತೆ ಮುಂದಕ್ಕೆ ಬಿತ್ತು. ಯಶೋಧರಾ ಅಪ್ಪನ ಗದ್ದ ಹಿಡಿದೆತ್ತಿ, ತಲೆಯನ್ನು ಗೋಡೆಗೆ ಒರಗಿಸಿ, "ಮಾವ, ಆ ಟವೆಲು ಕೊಡು" ಎಂದಳು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವಾಗ ಎರ್ರಪ್ಪ ತಲೆಗೆ ಸುತ್ತಿಕೊಳ್ಳುತ್ತಿದ್ದ ಕೆಂಪು ಟವೆಲು. ಸೋದರಮಾವ ಗಂಗರಾಜು ಕೊಟ್ಟ. ಅವಳು ಅದನ್ನು ಅಪ್ಪನ ಹಣೆಗೆ ಸುತ್ತಿ ಹಿಂದಿನ ಕಿಟಕಿ ಸರಳಿಗೆ ಬಿಗಿದಳು. ಆ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ಮಣ್ಣಿಗೆ ಒಯ್ಯುತ್ತಾರೆ.

ಹೊರಗೆ ಟೆಂಪೋ ನಿಂತಿತು. ಚಲಪತಿ ಇಳಿದ. ಮುಂದಿನ ಚುನಾವಣೆಗೆ ನಿಲ್ಲಲು ಹೊರಟಿದ್ದ ಮುಖಂಡ ಕನಕರಾಜನ ಬಲಗೈ ಅವನು.

"ಕೂರಿಸಿಬಿಟ್ರಾ? ಮಲಗಿಸ್ರಪ್ಪ. ಅಣ್ಣ ಫ್ರೀಜರ್ ಬಾಕ್ಸ್ ಕಳ್ಸವ್ರೆ. ಚಿಕ್ಕಬಳ್ಳಾಪುರ ಬಿಟ್ಟವ್ರೆ, ಟೀವಿಯೋರೂ ಬತ್ತಾವ್ರೆ. ಅಲ್ಲೀಗಂಟ ಎತ್ತಂಗಿಲ್ಲ."

"ನಮ್ಮೋರನ್ನ ನಾವು ಯಾವಾಗ ಎತ್ಬೇಕು ಅಂತ ನಿಮ್ಮಣ್ಣನ್ನ ಕೇಳ್ಬೇಕಾ?"

ಚಲಪತಿ ನಕ್ಕ. "ಓದಿರೋ ಹುಡುಗಿ ನೀನು. ಎಮ್ಮೆಸ್ಸಿ ಎರಡನೇ ವರ್ಷದ ಸ್ಕಾಲರ್‌ಶಿಪ್ಪು ಅಣ್ಣನ ಟೇಬಲ್ ಮೇಲೇ ಐತೆ. ಸೈನ್ ಬಿದ್ದಿಲ್ಲ. ಬಿಡಿಸಿ ಹೇಳ್ಬೇಕಾ?"

ಗಂಗರಾಜು ಅವಳನ್ನು ಪಕ್ಕಕ್ಕೆ ಕರೆದ. "ಒಂದು ಗಳಿಗೆ ಮಲಗಿಸಿದ್ರೆ ಏನು ಹೋಗ್ತದೆ ಕಣಮ್ಮ? ಇನ್ನೊಂದು ವರ್ಷ ಹೆಂಗೋ ದಾಟಿಸ್ಕೋ. ನಿಮ್ಮಪ್ಪ ಇದ್ದಿದ್ರೂ ಇದನ್ನೇ ಹೇಳ್ತಿದ್ದ."

"ನಮ್ಮಪ್ಪ ಏನು ಹೇಳ್ತಿದ್ದ ಅಂತ ನಂಗೊತ್ತು ಮಾವ."

*

ಹೋದ ವರ್ಷ ಕನಕರಾಜನ ಟ್ರಸ್ಟಿನ ಆ ಸ್ಕಾಲರ್‌ಶಿಪ್ಪನ್ನು ವೇದಿಕೆ ಕಟ್ಟಿ ಕೊಟ್ಟಿದ್ದರು. ಅಂಕ ತೆಗೆದವಳು ಯಶೋಧರಾ, ಫೋಟೋದವನು ಕೈಮಾಡಿ ಕರೆದದ್ದು ಎರ್ರಪ್ಪನನ್ನು.

"ಯಜಮಾನ್ರೇ, ಅಣ್ಣನ ಕಾಲು ಮುಟ್ಟಿ."

ಮುಟ್ಟಿದ.

"ಸರಿಯಾಗಿ ಬೀಳ್ಲಿಲ್ಲ, ಇನ್ನೊಂದ್ಸಲ."

ಮತ್ತೆ ಬಗ್ಗಿದ. ಕನಕರಾಜ್ ಕ್ಯಾಮೆರಾ ಕಡೆಗೇ ನಗುತ್ತ ಅವನ ಬೆನ್ನ ಮೇಲೆ ಕೈಯಿಟ್ಟ. ಫ್ಲಾಶ್ ಬೀಳುವವರೆಗೂ ಆ ಕೈ ತೆಗೆಯಲಿಲ್ಲ.

ಆ ಚಿತ್ರ ಫ್ಲೆಕ್ಸಾಗಿ ಅವರೂರು ಮೇಲೂರಿನ ಬಸ್ ನಿಲ್ದಾಣದ ಎದುರು ನಿಂತಿತು. ಮಳೆಗಾಲ ಕಳೆದರೂ ಇಳಿಸಲಿಲ್ಲ. ಎರ್ರಪ್ಪ ದಿನಾ ಅದರ ಕೆಳಗೇ ನಿಂತು ಬಸ್ಸು ಹತ್ತಬೇಕು. ಜೊತೆಯ ಹಮಾಲಿ ಮುದ್ದಪ್ಪ ಬೀಡಿ ಹಚ್ಚುತ್ತ ಕೆಣಕುತ್ತಿದ್ದ: "ಏನಪ್ಪ ಎರ್ರಪ್ಪ, ಇನ್ನೂ ಎದ್ದಿಲ್ವಾ?" ಎಲ್ಲರೂ ನಗುತ್ತಿದ್ದರು. ಎರ್ರಪ್ಪನೂ ನಗುತ್ತಿದ್ದ.

ಯೂನಿವರ್ಸಿಟಿ ಹಾಸ್ಟೆಲಿನಿಂದ ರಜೆಗೆ ಬಂದ ಮಗಳು ಬೆನ್ನಿಗೆ ಎಣ್ಣೆ ತಿಕ್ಕುವಾಗ ಒಮ್ಮೆ ಮಾತ್ರ ಬಾಯಿಬಿಟ್ಟ. "ಮೂಟೆಗೆ ಬಗ್ಗಿದ್ರೆ ಏಳೋವಾಗ ಯಾರಾದ್ರೂ ಒಂದು ಕೈ ಕೊಡ್ತಾರೆ ಕಣಮ್ಮ. ಅವತ್ತು ಅವನು ಅದುಮಿ ಹಿಡ್ಕಂಬಿಟ್ಟ."

"ನಂಗೆ ಬೇಡಪ್ಪ ಇದು. ಬಿಟ್ಬಿಡ್ತೀನಿ."

"ಓದು ಬಿಡಬ್ಯಾಡ. ಅವನ್ನ ಬಿಡು."

*

ಚಲಪತಿಯ ಕಡೆಯವರು ಬಾಗಿಲಲ್ಲಿ ಫ್ಲೆಕ್ಸ್ ಬಿಚ್ಚಿದರು. ಕೈಮುಗಿದ ಕನಕರಾಜ್, ಬಾಗಿಲಿಗಿಂತ ಎತ್ತರ. ಕೆಳಗೆ, 'ಅಣ್ಣನ ಉಪಕಾರ ಮರೆಯದ ಎರ್ರಪ್ಪನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.'

"ನಮ್ಮಪ್ಪ ಎಲ್ಲಿ ಇದ್ರಲ್ಲಿ?" ಎಂದಳು ಯಶೋಧರಾ.

"ಇಲ್ಲೇ ಅವ್ರಲ್ಲಮ್ಮ, ಮೂಲೇಲಿ."

ಹಳೇ ಚಿತ್ರದಿಂದ ಕತ್ತರಿಸಿ ಅಂಟಿಸಿದ್ದರು. ಮುಖವೇ ಇರಲಿಲ್ಲ.

"ಅದು ನೆತ್ತಿ. ಸತ್ತ ಮೇಲೂ ಬಗ್ಗಿಸಿಯೇ ಇಟ್ಟಿದ್ದೀರಲ್ರೀ! ಸುತ್ಕೊಂಡು ಹೋಗಿ. ಸೈನ್ ಹಾಕೋದೂ ಬೇಡ ಅಂತ ಹೇಳಿ."

"ಯೋಚ್ನೆ ಮಾಡಿ ಮಾತಾಡು. ಫೀಸು ಯಾರು ಕಟ್ತಾರೆ? ನಿಮ್ಮಮ್ಮನಾ?"

ಗೋಡೆ ಪಕ್ಕ ಕೂತಿದ್ದ ಕೊಂಡಮ್ಮ ತಲೆಯೆತ್ತಿದಳು. ನೂಲು ತೆಗೆಯುವ ಬಿಸಿನೀರಲ್ಲಿ ಬೆಂದು ಬಿಳುಚಿದ ಬೆರಳುಗಳನ್ನು ನೆಲಕ್ಕೂರಿ ಎದ್ದಳು.

"ಹೂಂ, ನಾನೇ ಕಟ್ತೀನಿ. ಆಗ್ದಿದ್ರೆ ಅವಳೂ ಒಂದು ವರ್ಷ ನನ್ನ ಜೊತೆ ರೀಲಿಂಗಿಗೆ ಬರ್ತಾಳೆ, ಆಮೇಲೆ ಓದ್ತಾಳೆ. ನಿಂಗೇನು ಹೋಯ್ತು? ಲೋ ಗಂಗರಾಜು, ಕುರ್ಚಿ ಒಳಕ್ಕೆ ತಗೊಂಬಾ. ತಲೆ ಬಿಗಿಯಾಗಿ ಕಟ್ಟು, ದಾರೀಲಿ ಬಗ್ಗಬಾರ್ದು."

ಗಂಗರಾಜು ಫ್ಲೆಕ್ಸಿನ ಮೂಲೆಯನ್ನೇ ನೋಡುತ್ತ ನಿಂತಿದ್ದ. ಸರಕ್ಕನೆ ಹೋಗಿ ಕುರ್ಚಿ ತಂದ. ಭಾವನನ್ನು ಕೂರಿಸಿ, ಕೆಂಪು ಟವೆಲನ್ನು ಕುರ್ಚಿಯ ಬೆನ್ನಿನ ಬಿದಿರಿಗೆ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದ. ಮೊದಲ ಹೆಗಲು ಕೊಟ್ಟವನು ಮುದ್ದಪ್ಪ.

"ಪದಂಡ್ರಾ," ಎಂದ, ಮೂಗೊರೆಸಿಕೊಂಡು. "ಹೋಗಣ."

*

ಊರಾಚೆ ತಿರುವಿನಲ್ಲಿ ಬಿಳಿ ಕಾರು ಎದುರಾಯಿತು. ಕನಕರಾಜ್ ಸೇವಂತಿಗೆ ಹಾರ ಹಿಡಿದು ಇಳಿದ. ಹಿಂದೆ ಅದೇ ಫೋಟೋದವನು. ಚಲಪತಿ ಟೆಂಪೋದಿಂದ ಹಾರಿ ಓಡಿಬಂದ.

"ಇಳಿಸ್ರೋ, ಇಳಿಸ್ರೋ! ಅಣ್ಣ ಹಾರ ಹಾಕ್ಲಿ."

ಹಿಂದೆ ಹೊತ್ತಿದ್ದವರು ಮೊಣಕಾಲು ಮಡಿಸಿದರು.

"ಇಳಿಸ್ಬೇಡಿ," ಎಂದಳು ಬೆಂಕಿ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಯಶೋಧರಾ. ತಿರುಗಿಯೂ ನೋಡಲಿಲ್ಲ.

ಮುದ್ದಪ್ಪ ಹೆಗಲು ಇನ್ನಷ್ಟು ಮೇಲಕ್ಕೊತ್ತಿದ. ಹಿಂದಿನವರೂ ನೆಟ್ಟಗಾದರು.

ಕ್ಯಾಮೆರಾ ಕಾಯುತ್ತಿತ್ತು. ಕನಕರಾಜ್ ತುದಿಗಾಲಲ್ಲಿ ನಿಂತು ಹಾರ ಎತ್ತಿದ. ಕತ್ತಿಗೆ ಎಟುಕಲಿಲ್ಲ. ಅದು ಎರ್ರಪ್ಪನ ಕಾಲಿಗೆ ಸಿಕ್ಕಿಕೊಂಡಿತು. ಬಿಡಿಸಲು ಎರಡೂ ಕೈ ಆ ಒಡೆದ ಪಾದಗಳಿಗೆ ಹಾಕಿದ.

"ಅಣ್ಣಾ," ಫೋಟೋದವನು ಅಭ್ಯಾಸಬಲದಿಂದ ಕೂಗಿದ, "ಸರಿಯಾಗಿ ಬೀಳ್ಲಿಲ್ಲ, ಇನ್ನೊಂದ್ಸಲ!"

ಕುರ್ಚಿ ಆಗಲೇ ಮುಂದೆ ಸಾಗಿತ್ತು. ಹಾರ ಕಾಲಿನಿಂದ ಜೋತು ತೂಗಾಡುತ್ತಿತ್ತು. ಮೇಲೆ, ಕೆಂಪು ಟವೆಲಿನ ಬಿಗಿಯಲ್ಲಿ, ಎರ್ರಪ್ಪನ ಮುಖ ನೆಟ್ಟಗೆ ದಾರಿಯತ್ತ ನಿಂತಿತ್ತು.