ಹೆಂಡತಿಯ ದನಿಯಲ್ಲಿ ಫೋನು

ಬೀದಿಯವರೆಲ್ಲ ಆ ದರ್ಜಿಯನ್ನು ಗಿಳಿ ಮಾಸ್ತರ್ ಎಂದೇ ಕರೆಯುತ್ತಿದ್ದರು. ಗಿರಾಕಿಯ ಅಂಗಿಯ ಅಳತೆ ತೆಗೆಯುವಷ್ಟರಲ್ಲಿ ಅವನು ಅವರ ದನಿಯ ಅಳತೆಯನ್ನೂ ತೆಗೆದುಬಿಡುತ್ತಿದ್ದ. ಅವರು ಮೆಟ್ಟಿಲಿಳಿಯುವ ಮೊದಲೇ ಅವರ ಕೆಮ್ಮು, ಗೊಣಗು, ಚೌಕಾಸಿ ಎಲ್ಲ ಅವನ ಬಾಯಲ್ಲಿ ಸಿದ್ಧ ಉಡುಪು. ಆದರೆ ಅಂಗಡಿ ತುಂಬ ನಗು ಏಳುತ್ತಿದ್ದುದು ಅವನು ಹೆಂಡತಿಯ ದನಿ ತೊಟ್ಟಾಗ.

“ರೀ, ಊಟ ಆರ್ತಾ ಇದೆ! ಆಮೇಲೆ ಅನ್ನ ಕಲ್ಲಾಗಿದೆ ಅಂತ ಮುಖ ಊದಿಸ್ಬೇಡಿ! ಮೊದ್ಲು ಆ ಬಾಯಿಗೊಂದು ಗುಂಡಿ ಹಾಕ್ಕೊಳ್ಳಿ!”

ಪರದೆಯ ಆಚೆ ಕಾಜಾ ಹೊಲಿಯುತ್ತ ಕೂತಿದ್ದ ಹೆಂಡತಿ ಬಿಡುತ್ತಿರಲಿಲ್ಲ. “ಇರೋ ಒಂದು ದನೀಲಿ ನಾನು ಸಂಸಾರ ತೂಗಿಸ್ತಿದೀನಿ. ನಿಮಗೆ ಊರೆಲ್ಲರ ದನಿ ಇದ್ರೂ ಹೊತ್ತಿಗೆ ಸರಿಯಾಗಿ ಒಂದು ಅಂಗಿ ಆಗಲ್ಲ.”

ಆ ಒಂದು ದನಿಯನ್ನು ಈ ವರ್ಷ ಆಸ್ಪತ್ರೆಯಲ್ಲಿ ಬಿಟ್ಟು ಬಂದರು. ಅವಳ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯೂ ಹೋಯಿತು. ಈಗ ಮನೆಯಲ್ಲಿ ಹೊಲಿಗೆ ಯಂತ್ರವೊಂದೇ ಮಾತುಗಾತಿ. ಊಟಕ್ಕೆ ಕರೆಯಲು ಅವಳು ಲೋಟದ ಮೇಲೆ ಚಮಚ ಬಡಿಯುತ್ತಾಳೆ. ಅವನು ಮೊದಲ ಬಡಿತಕ್ಕೇ ಎದ್ದು ಬರುತ್ತಾನೆ. ಬಿಸಿ ಊಟ ಮಾಡುತ್ತಾನೆ. ಬೈಸಿಕೊಳ್ಳುವುದೂ ಒಂದು ಭಾಗ್ಯ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಬೇರೆ ಊರಿನಲ್ಲಿದ್ದ ಅತ್ತೆಗೆ ಈ ಸುದ್ದಿ ಮುಟ್ಟಿಸಿರಲಿಲ್ಲ. ಅವರದು ನಾಜೂಕು ಹೃದಯ. ಆದರೆ ಮಗಳ ಸಂಜೆಯ ಫೋನು ತಪ್ಪಿದರೆ ಬಸ್ಸು ಹತ್ತಿಯೇಬಿಡುವಂಥ ಹೃದಯ. ಗಂಟಲು ಕಟ್ಟಿದೆ ಎಂಬ ನೆಪ ಎಷ್ಟು ದಿನ ನಡೆದೀತು? ಕೊನೆಗೆ ಹೆಂಡತಿಯೇ ಗಂಡನ ತುಟಿ ಮುಟ್ಟಿ ತೋರಿಸಿ, ಫೋನನ್ನು ಅವನ ಮುಂದೆ ತಳ್ಳಿದಳು. ಅಮ್ಮನ ದನಿಯನ್ನಾದರೂ ದಿನಾ ಕೇಳುವ ಆಸೆ ಅವಳಿಗೆ.

ಮಾಸ್ತರ್ ಸ್ಪೀಕರ್ ಹಾಕಿದ. “ಅಮ್ಮಾ, ನಾನೇ. ಮಾತ್ರೆ ತಗೊಂಡ್ಯಾ?”

“ತಗೊಂಡೆ ಕಣೇ. ಸದ್ಯ, ಗಂಟಲು ಬಿಡ್ತಲ್ಲ!”

ಹೆಂಡತಿ ಫೋನಿನ ಹತ್ತಿರ ಕಿವಿ ತಂದು ಕಣ್ಣು ಮುಚ್ಚಿಕೊಂಡಳು.

ಕೆಲವು ದಿನ ಸಲೀಸಾಗಿ ನಡೆಯಿತು. ಆಮೇಲೆ ಒಂದು ಸಂಜೆ ಅತ್ತೆ ಕೇಳಿಯೇಬಿಟ್ಟರು. “ಏನೇ ಅದು, ಯಾವಾಗ್ಲೂ ಸಿಡಿಸಿಡಿ? ಹೊರಗೆ ಹೋಗಿದ್ದೆ ಅಂದ್ರೂ ಬೈತೀಯ, ಮಲಗಿದ್ದೆ ಅಂದ್ರೂ ಬೈತೀಯ. ಅಳಿಯಂದ್ರು ಏನಾದ್ರೂ ಅಂದ್ರಾ?”

“ಅವರಾ? ಅವರಿಗೆ ನಾಲಿಗೆ ಉದ್ದ, ಕತ್ತರಿ ಗಿಡ್ಡ!”

“ನೋಡು, ಮತ್ತೆ ಅದೇ ಕೊಂಕು. ನನ್ನ ಹತ್ರ ನೀನು ಹೀಗೆ ಮಾತಾಡಿದವಳೇ ಅಲ್ಲ. ಫೋನ್ ಇಡೋ ಮುಂಚೆ ಎಷ್ಟು ಚೆಂದ ನಗ್ತಿದ್ದೆ. ಒಂದ್ಸಲ ನಗೇ ತಾಯಿ, ಕೇಳಿ ಮಲಗ್ತೀನಿ.”

ಮಾಸ್ತರ್ ಬಾಯಿ ತೆರೆದ. ಗಂಟಲೊಳಗೆಲ್ಲ ತಡಕಾಡಿದ. ಅವಳ ಬೈಗುಳವಿತ್ತು, ಗೊಣಗಿತ್ತು, ಪರದೆಯಾಚೆಯ ಕೂಗಿತ್ತು. ನಗು ಮಾತ್ರ ಇರಲಿಲ್ಲ. ಅವಳು ಒಳಮನೆಯಲ್ಲಿ ಅಮ್ಮನೊಂದಿಗೆ ನಗುತ್ತಿದ್ದ ಹೊತ್ತಿಗೆಲ್ಲ ಅವನು ಅಂಗಡಿಯಲ್ಲಿ ಅವಳ ಸಿಡುಕು ತೋರಿಸಿ ಗಿರಾಕಿಗಳನ್ನು ನಗಿಸುತ್ತಿದ್ದ. ಹೆಂಡತಿ ಕಣ್ಣು ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದಳು.

ಕೊನೆಗೊಂದು ನಗು ಹೊರಬಂತು. ಗಿರಾಕಿಗಳ ಮುಂದೆ ಅವಳನ್ನು ಆಡಿಕೊಂಡು ಅವನು ನಗುವಂಥದ್ದು.

“ನನ್ನನ್ನೇ ಅಣಕಿಸ್ತೀಯಾ?” ಅತ್ತೆಯ ದನಿ ನಡುಗಿತು. “ಮುದುಕಿ ಕಾಟ ಸಾಕಾಗಿದ್ರೆ ಬಾಯಿಬಿಟ್ಟು ಹೇಳು. ಇನ್ಮೇಲೆ ಫೋನ್ ಮಾಡ್ಬೇಡ.”

ಫೋನು ಕಟ್ಟಾಯಿತು. “ಇರು, ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ” ಎಂದು ಮಾಸ್ತರ್ ತನ್ನದೇ ದನಿಯಲ್ಲಿ ಹೇಳಿ ಮತ್ತೆ ಮತ್ತೆ ಫೋನು ಹಚ್ಚಿದ. ಅತ್ತೆ ಎತ್ತಲಿಲ್ಲ.

ಹೆಂಡತಿಯ ತುಟಿಗಳು ಆಡಿದವು. ಬಹಳ ಹೊತ್ತು ಆಡಿದವು. ಬೈದಳೋ, ಅಮ್ಮನನ್ನು ಕರೆದಳೋ, ಅವನಿಗೆ ಒಂದಕ್ಷರ ತಿಳಿಯಲಿಲ್ಲ.

“ಇನ್ನೊಂದ್ಸಲ ಹೇಳೇ” ಎಂದ.

ಅವಳು ಹೇಳಲಿಲ್ಲ.